ಗಾಲಿ ತಿರುಗಿತು, ಗಾಡಿ ತಿರುಗಲಿಲ್ಲ

ಸಿದ್ದಾಪುರ ಪೇಟೆಯಲ್ಲಿ ಕೆಟ್ಟ ಕುಕ್ಕರುಗಳೆಲ್ಲ ದ್ಯಾಮಪ್ಪನ ತಗಡಿನ ಅಂಗಡಿಗೇ ಬರುತ್ತಿದ್ದವು, ಒಂದನ್ನು ಬಿಟ್ಟು. ಆ ಒಂದು ದ್ಯಾಮಪ್ಪನ ಸ್ವಂತ ಮನೆಯದು. ಅದರ ಸೀಟಿ ಕೂಗುವುದು ನಿಂತರೆ, ಸ್ಟೋವಿನ ಬರ್ನರ್ ಕಟ್ಟಿಕೊಂಡರೆ, ಅವನ ಹೆಂಡತಿ ಗೌರಕ್ಕ ಅದನ್ನು ಚೀಲಕ್ಕೆ ಹಾಕಿಕೊಂಡು ಕೋಲಸಿರ್ಸಿಯಿಂದ ಪೇಟೆಗೆ ಬರುತ್ತಿದ್ದಳು. ಗಂಡನ ಅಂಗಡಿಯ ಮುಂದೆಯೇ ಹಾದು, ಪೇಟೆಯ ಆ ತುದಿಯಲ್ಲಿ ಕೂರುವ ಇನ್ನೊಬ್ಬ ರಿಪೇರಿಯವನ ಹತ್ತಿರ ಹೋಗುತ್ತಿದ್ದಳು. ಕದ್ದುಮುಚ್ಚಿ ಹೋಗುವವಳಲ್ಲ. ಅಂಗಡಿಯ ಮುಂದೆ ಒಂದು ಗಳಿಗೆ ನಿಂತು, "ಬುತ್ತಿ ಉಂಡ್ರೇನು?" ಎಂದು ಗಂಡನನ್ನು ಕೇಳಿಯೇ ಮುಂದೆ ಹೋಗುವವಳು.

ಪೇಟೆಯ ಬಾಯಿ ಸುಮ್ಮನಿರುತ್ತದೆಯೇ? ಪಕ್ಕದ ಸೈಕಲ್ ಅಂಗಡಿಯವನು ಟ್ಯೂಬಿಗೆ ಗಾಳಿ ಹೊಡೆಯುತ್ತ ಹೇಳುವನು: "ನಿನ್ನ ಕೈಗುಣ ಎಂಥದ್ದು ಅಂತ ನಿನ್ನ ಹೆಂಡ್ತಿ ಒಬ್ಬಳಿಗೇ ಗೊತ್ತು ಮಾರಾಯ. ನಾವೆಲ್ಲ ಸುಮ್ಮನೆ ಮೋಸ ಹೋಗ್ತಾ ಇದ್ದೇವೆ."

"ನಿಮ್ಮನ್ಯಾಗ ಅನ್ನ ಬೇಯ್ತೈತಿಲ್ಲೋ? ಉಂಡು ಸುಮ್ಕಿರು," ಎಂದು ದ್ಯಾಮಪ್ಪನೂ ನಗುವನು.

ಸೈಕಲ್ಲಿನವನಿಗೆ ಅದು ಬರಿಯ ತಮಾಷೆ. ಎಲ್ಲಿಗೆ ತಾಗುತ್ತದೆ ಎಂದು ಅವನಿಗೆ ಗೊತ್ತಿರಲಿಲ್ಲ. ಸಿದ್ದಾಪುರದಲ್ಲಿ ಯಾರಿಗೂ ಗೊತ್ತಿರಲಿಲ್ಲ. ಗೊತ್ತಿಲ್ಲದ ಊರು ಬೇಕು ಎಂದೇ ದ್ಯಾಮಪ್ಪ ಸಿದ್ದಾಪುರಕ್ಕೆ ಬಂದದ್ದು.

ಯಲ್ಲಾಪುರದಲ್ಲಿ ಅವನ ಹೆಸರೇ ಬೇರೆ ಇತ್ತು. ಅಲ್ಲಿ ಅವನು ಸ್ಟೇರಿಂಗ್ ದ್ಯಾಮಪ್ಪ. ಬನವಾಸಿ ಕಡೆಯ ಒಕ್ಕಲುತನದ ಮನೆಯಲ್ಲಿ ಹುಟ್ಟಿದವನು. ಹೊಲ ಅಣ್ಣಂದಿರಿಗೆ ಬಿಟ್ಟು, ಹುಬ್ಬಳ್ಳಿಯ ಗ್ಯಾರೇಜೊಂದರಲ್ಲಿ ಒದೆ ತಿಂದು ಕೆಲಸ ಕಲಿತು, ಯಲ್ಲಾಪುರದ ಹೆದ್ದಾರಿ ಬದಿಯಲ್ಲಿ ನಾಲ್ಕು ಕಂಬ ನೆಟ್ಟು ಗ್ಯಾರೇಜು ಮಾಡಿಕೊಂಡಿದ್ದ. ಅರಬೈಲು ಘಟ್ಟ ಹತ್ತಿ ಇಳಿಯುವ ಲಾರಿಗಳಿಗೆ ಎಂಜಿನ್ನು ಎಷ್ಟು ಮುಖ್ಯವೋ ಸ್ಟೇರಿಂಗು ಅದಕ್ಕಿಂತ ಮುಖ್ಯ. ಎಂಜಿನ್ ಕೆಟ್ಟರೆ ಲಾರಿ ನಿಲ್ಲುತ್ತದೆ, ಸ್ಟೇರಿಂಗ್ ಕೆಟ್ಟರೆ ನಿಲ್ಲುವುದಿಲ್ಲ. ಡ್ರೈವರುಗಳು ದೂರದಿಂದ ಅವನನ್ನು ಹುಡುಕಿಕೊಂಡು ಬರುತ್ತಿದ್ದರು. ತಿರುಗಿಸುವ ಚಕ್ರವನ್ನು ಎರಡು ಬೆರಳಲ್ಲಿ ಹಿಡಿದು ಅತ್ತಿತ್ತ ಅಲುಗಿಸಿದರೆ ಸಾಕು, ಯಾವ ಕೀಲು ಸಡಿಲ ಎಂದು ಹೇಳುತ್ತಿದ್ದ. ಅದನ್ನೇ ದೊಡ್ಡದು ಮಾಡಿ ಕೆಲವರು ಅವನ ಕೈ ದೇವರ ಕೈ ಎಂದು ಹೊಗಳುತ್ತಿದ್ದರು. ಅವನೂ ನಂಬಿದ್ದ.

ಗಂಡ ಹೆಂಡತಿಗೆ ಮಕ್ಕಳಾಗಲಿಲ್ಲ. ಗೌರಕ್ಕನ ತಮ್ಮ ಮಧುಕೇಶನೇ ಮಗನ ಹಾಗೆ ಬೆಳೆದ. ಹೆತ್ತ ತಾಯಿ ಹಾಸಿಗೆ ಹಿಡಿದು ಹೋದಾಗ ಅವನಿನ್ನೂ ಅಂಗಿ ತೊಡದ ಕೂಸು. ಗೌರಕ್ಕ ಅವನನ್ನು ಕಂಕುಳಲ್ಲಿ ಎತ್ತಿಕೊಂಡೇ ಗಂಡನ ಮನೆಗೆ ಬಂದವಳು. ಹುಡುಗನಿಗೆ ಶಾಲೆ ಹಿಡಿಸಲಿಲ್ಲ, ಲಾರಿ ಹಿಡಿಸಿತು. ಮೀಸೆ ಮೂಡುವ ಹೊತ್ತಿಗೆ ಬೊಮ್ಮಯ್ಯನೆಂಬ ಡ್ರೈವರನ ಲಾರಿಗೆ ಕ್ಲೀನರ್ ಆದ. ಬೊಮ್ಮಯ್ಯ ಗುಳ್ಳಾಪುರದವನು, ಕುಡಿಯದ ಡ್ರೈವರು. ಗೌರಕ್ಕ ಅಷ್ಟು ನೋಡಿಯೇ ತಮ್ಮನನ್ನು ಕಳಿಸಿದ್ದಳು.

ಆ ಹಾದಿಯ ಲಾರಿಗಳಲ್ಲಿ ಒಂದು ರೂಢಿ ಇತ್ತು. ಲೋಡು ಕೂರಿಸುವುದು ಕ್ಲೀನರನ ಕೆಲಸ. ಕೂರಿಸುವಾಗ ಡ್ರೈವರನ ಕ್ಯಾಬಿನ್ನಿನ ಬೆನ್ನಿಗೆ ಒಂದಿಷ್ಟು ಜಾಗ ಅವನು ತನಗಾಗಿ ಬಿಟ್ಟುಕೊಳ್ಳಬಹುದು. ಅದಕ್ಕೆ ಕ್ಲೀನರ್ ಖೋಲಿ ಎನ್ನುತ್ತಿದ್ದರು. ಸಂಬಳ ಅಷ್ಟಕ್ಕಷ್ಟೆ, ಆದರೆ ಖೋಲಿ ಅವನ ಹಕ್ಕು, ಮಾಲೀಕನೂ ಕೇಳುವಂತಿಲ್ಲ. ಕೆಲವರು ಅದರಲ್ಲಿ ಜನ ತುಂಬಿ ಚಹಾದ ಖರ್ಚು ದುಡಿಯುತ್ತಿದ್ದರು. ಮಧುಕೇಶ ಅದರಲ್ಲಿ ಅಕ್ಕನಿಗೆ ಸಾಮಾನು ತರುತ್ತಿದ್ದ. ಹುಬ್ಬಳ್ಳಿಯಿಂದ ಬರುವಾಗ ಬೆಲ್ಲ, ಘಟ್ಟ ಹತ್ತಿ ಬರುವಾಗ ಕರಾವಳಿಯ ಉಪ್ಪು, ಗಡಿಗೆ, ಕಲ್ಲಂಗಡಿ. "ಅಕ್ಕಾ, ನಿನ್ನ ಖೋಲಿ ಬಂತು ನೋಡ," ಎಂದು ಗ್ಯಾರೇಜಿನ ಮುಂದೆ ಹಾರ್ನ್ ಹೊಡೆಸುತ್ತಿದ್ದ.

ತೊಂಬತ್ತಾರರ ಮಳೆಗಾಲ ಮುಗಿಯುತ್ತ ಬಂದಾಗ ಆ ಲಾರಿ ಅರಬೈಲಿನಲ್ಲಿ ಬಿತ್ತು. ಅಂಕೋಲೆಯಿಂದ ಹುಬ್ಬಳ್ಳಿಗೆ ಗಾಳಿಮರದ ಕಂಬ ಹೇರಿಕೊಂಡು ಹತ್ತುತ್ತಿತ್ತು. ಕಟ್ಟಡಕ್ಕೆ ಸಾರುವೆ ಕಟ್ಟುವ ಉದ್ದುದ್ದ ಕಂಬಗಳು. ಒಂದು ತಿರುವಿನಲ್ಲಿ ಲಾರಿ ತಿರುಗದೆ ನೆಟ್ಟಗೆ ಹೋಗಿ ಕಂದರಕ್ಕೆ ಮುಗುಚಿತು. ಬೊಮ್ಮಯ್ಯ ಹೊರಗೆ ಎಸೆಯಲ್ಪಟ್ಟು ಕಾಲು ಮುರಿದುಕೊಂಡ. ಮಧುಕೇಶ ಕಂಬಗಳ ಅಡಿಗೆ ಸಿಕ್ಕಿದ. ಘಟ್ಟದಲ್ಲಿ ಲಾರಿ ಬಿದ್ದರೆ ಲಾರಿಗೆ ವಿಮೆ ಉಂಟು, ಲೋಡಿಗೂ ವಿಮೆ ಉಂಟು. ಕ್ಲೀನರನಿಗೆ ಪೇಪರಿನಲ್ಲಿ ಹೆಸರೂ ಇರುವುದಿಲ್ಲ. ಚಾಲಕನಿಗೆ ಗಾಯ, ಕ್ಲೀನರ್ ಸಾವು. ಅಷ್ಟೇ.

ಆಸ್ಪತ್ರೆಯಲ್ಲಿ ಮಲಗಿದ್ದ ಬೊಮ್ಮಯ್ಯ ಎಲ್ಲರಿಗೂ ಒಂದೇ ಮಾತು ಹೇಳಿದ: "ಸ್ಟೇರಿಂಗ್ ಪೂರ್ತಿ ತಿರುಗಿಸ್ದೆ. ಗಾಡಿ ತಿರುಗಲೇ ಇಲ್ಲ."

ಆ ಲಾರಿಯ ಸ್ಟೇರಿಂಗಿನ ಕೆಲಸ ಅದೇ ವಾರ ದ್ಯಾಮಪ್ಪನ ಗ್ಯಾರೇಜಿನಲ್ಲಿ ಆಗಿತ್ತು.

ಸ್ಟೇರಿಂಗಿನಿಂದ ಗಾಲಿಗೆ ಹೋಗುವ ರಾಡಿನ ತುದಿಯಲ್ಲಿ ಒಂದು ನಟ್ಟು. ಆ ನಟ್ಟು ಅಲುಗಾಟಕ್ಕೆ ಬಿಚ್ಚಿಕೊಳ್ಳದಂತೆ ಅದಕ್ಕೊಂದು ಪಿನ್ನು ತೂರಿಸಿ, ಪಿನ್ನಿನ ಎರಡು ಕಾಲು ಅಗಲಿಸಿ ಮಡಚಬೇಕು. ಹಾಕದಿದ್ದರೆ ನಟ್ಟು ಒಂದಲ್ಲ ಒಂದು ದಿನ ಉದುರುತ್ತದೆ. ಆಮೇಲೆ ಡ್ರೈವರು ಎಷ್ಟು ತಿರುಗಿಸಿದರೂ ಗಾಲಿಗೆ ಗೊತ್ತಾಗುವುದಿಲ್ಲ. ಬೊಮ್ಮಯ್ಯನ ಮಾತು ಕೇಳಿದ ಕೂಡಲೇ ದ್ಯಾಮಪ್ಪ ತನ್ನನ್ನು ತಾನು ಕೇಳಿಕೊಂಡ: ಪಿನ್ನು ಹಾಕಿದೆನೋ ಇಲ್ಲವೋ? ಹಾಕಿದ ನೆನಪಿಲ್ಲ. ಹಾಕದ ನೆನಪೂ ಇಲ್ಲ. ದಿನಾ ಮಾಡುವ ಕೆಲಸದ ಹಣೆಬರಹವೇ ಅಷ್ಟು, ಕೈಗೆ ಗೊತ್ತಿರುತ್ತದೆ, ತಲೆಗೆ ಗೊತ್ತಿರುವುದಿಲ್ಲ. ಕಂದರಕ್ಕೆ ಬಿದ್ದ ಲಾರಿಯ ಮುಂಭಾಗ ಅಪ್ಪಚ್ಚಿಯಾಗಿ, ಆಮೇಲೆ ಗುಜರಿಗೆ ಹೋಯಿತು. ಪಿನ್ನು ಇತ್ತೇ ಎಂದು ಹುಡುಕಿದವರಿಲ್ಲ.

ಯಾರೂ ಕೇಸು ಹಾಕಲಿಲ್ಲ. ಗ್ಯಾರೇಜಿಗೆ ಲಾರಿ ಬರುವುದು ಕಡಿಮೆಯಾಯಿತು, ಆಮೇಲೆ ನಿಂತಿತು. ಅದನ್ನಾದರೂ ತಡೆದುಕೊಳ್ಳುತ್ತಿದ್ದ. ಆದರೆ ಗೌರಕ್ಕ ಏನೂ ಕೇಳಲಿಲ್ಲ. ಮಣ್ಣು ಮಾಡಿದ ದಿನ ಕೇಳಲಿಲ್ಲ, ವರ್ಷ ತುಂಬಿದ ದಿನ ಕೇಳಲಿಲ್ಲ. ಅಡುಗೆ ಮಾಡಿದಳು, ಬಡಿಸಿದಳು, ಜ್ವರ ಬಂದರೆ ಕಷಾಯ ಕೊಟ್ಟಳು. ಕುಕ್ಕರು ಮಾತ್ರ ಬೇರೆಯವನ ಹತ್ತಿರ ಒಯ್ದಳು. ಅಷ್ಟರಿಂದಲೇ ದ್ಯಾಮಪ್ಪನಿಗೆ ಅವಳ ಮನಸ್ಸು ಗೊತ್ತಾಯಿತು. ನೀನೇ ಕೊಂದದ್ದು ಎಂದು ಅವಳು ಅಂದಿರಲಿಲ್ಲ. ಅಲ್ಲ ಎನ್ನಲು ಅವನಿಗೂ ಬಾಯಿ ಇರಲಿಲ್ಲ, ಯಾಕೆಂದರೆ ಅವನಿಗೇ ಗೊತ್ತಿರಲಿಲ್ಲ.

ಹಾಗೆ ಅವರು ಯಲ್ಲಾಪುರ ಬಿಟ್ಟು ಕೋಲಸಿರ್ಸಿಗೆ ಬಂದು ಬಾಡಿಗೆ ಮನೆ ಹಿಡಿದರು. ಗೌರಕ್ಕ ಪೇಟೆಯ ಖಾನಾವಳಿಗೆ ಜೋಳದ ರೊಟ್ಟಿ ಬಡಿದು ಕೊಡತೊಡಗಿದಳು. ದ್ಯಾಮಪ್ಪ ಕುಕ್ಕರು, ಸ್ಟೋವು, ಛತ್ರಿ, ಔಷಧಿ ಹೊಡೆಯುವ ಪಂಪು ಹಿಡಿದು ಕೂತ. ಗಾಲಿ ಇರುವ ಯಾವುದನ್ನೂ ಮುಟ್ಟಲಿಲ್ಲ. ಹೊಲಿಗೆ ಯಂತ್ರ ತಂದರೂ ಅದರ ಚಕ್ರ ನೋಡಿ ವಾಪಸು ಕಳಿಸುತ್ತಿದ್ದ.

ಎರಡು ಸಾವಿರದ ನಾಲ್ಕರ ಬೇಸಿಗೆಯ ಸುರುವಿಗೆ ಸಂದೇಶ ಹೆಗಡೆ ಅಂಗಡಿಗೆ ಬಂದ. ದೊಡ್ಮನೆ ಕಡೆಯವನು, ಪೇಟೆಯಲ್ಲಿ ಫೋಟೋ ಸ್ಟುಡಿಯೋ ಇಟ್ಟುಕೊಂಡಿದ್ದ. ಮದುವೆ ಸೀಸನ್ನಿನಲ್ಲಿ ಮಾತ್ರ ದುಡಿಯುವ, ಉಳಿದ ಕಾಲದಲ್ಲಿ ಏನಾದರೊಂದು ಹುಚ್ಚು ಹಚ್ಚಿಕೊಳ್ಳುವ ಮನುಷ್ಯ. ಈ ಸಲದ ಹುಚ್ಚು ಒಂದು ಆಟದ ಲಾರಿ. ಮುಂಬೈಯ ಸೋದರಮಾವ ತಂದುಕೊಟ್ಟದ್ದು. ಮೊಲದಷ್ಟು ಮೈ, ಅದಕ್ಕೆ ಕುಂಬಳಕಾಯಿಯಂಥ ನಾಲ್ಕು ಟಯರು. ಕೈಯಲ್ಲೊಂದು ರೇಡಿಯೋ ಪೆಟ್ಟಿಗೆ, ಅದರ ಚಕ್ರ ತಿರುಗಿಸಿದರೆ ದೂರದಲ್ಲಿ ಲಾರಿ ತಿರುಗಬೇಕು. ಮಾನ್ಸ್ಟರ್ ಟ್ರಕ್ ಎಂದು ಅದರ ಹೆಸರು. ಸಿರ್ಸಿ, ಯಲ್ಲಾಪುರದಲ್ಲೂ ಇಂಥ ಹುಚ್ಚಿನವರು ಒಬ್ಬಿಬ್ಬರಿದ್ದರು. ಎಲ್ಲ ಸೇರಿ ಭೈರುಂಬೆ ಹತ್ತಿರದ ಗದ್ದೆಯಲ್ಲಿ ಓಟದ ಪಂದ್ಯ ಇಟ್ಟುಕೊಂಡಿದ್ದರು.

"ದ್ಯಾಮಣ್ಣ, ಇದಕ್ಕೆ ಸ್ಟೇರಿಂಗ್ ಕಾಯಿಲೆ. ಎಡಕ್ಕೆ ಅಂದ್ರೆ ನೆಟ್ಟಗೆ ಹೋಗ್ತದೆ, ಬಲಕ್ಕೆ ಅಂದ್ರೂ ನೆಟ್ಟಗೆ ಹೋಗ್ತದೆ. ನನ್ನ ಅಪ್ಪಯ್ಯನ ಹಾಗೆ."

"ನಾ ಕುಕ್ಕರ್ ಮಾಡಾಂವ. ಒಯ್ರಿ ಅದನ್ನ."

"ಕುಕ್ಕರಿಗಿಂತ ಸಣ್ಣದು ಮಾರಾಯ್ರೆ ಇದು."

"ಸ್ಟೇರಿಂಗ್ ಮುಟ್ಟೂದಿಲ್ಲ ತಮ್ಮಾ."

"ಯಾಕೆ ಹೆದರ್ತೀರಿ? ಇದು ಉರುಳಿ ಬಿದ್ರೆ ಸಾಯೂದು ಇರುವೆ ಮಾತ್ರ."

ದ್ಯಾಮಪ್ಪ ಸ್ವಲ್ಪ ಹೊತ್ತು ಅವನ ಮುಖ ನೋಡಿದ. ಇವನಿಗೆ ಏನೂ ಗೊತ್ತಿಲ್ಲ ಎಂದು ಖಾತ್ರಿಯಾದ ಮೇಲೆ ಲಾರಿಯನ್ನು ತೊಡೆಯ ಮೇಲೆ ಎತ್ತಿಟ್ಟುಕೊಂಡ. ಮುಂದಿನ ಗಾಲಿಯನ್ನು ಎರಡು ಬೆರಳಲ್ಲಿ ಹಿಡಿದು ಅತ್ತಿತ್ತ ಅಲುಗಿಸಿದ. ಬೆರಳು ತಾನಾಗಿಯೇ ಹೇಳಿತು: ರಾಡಿನ ಎರಡೂ ತುದಿ ಸಡಿಲ, ಗಾಲಿಯ ಕೀಲು ಸಡಿಲ, ನಡುವೆ ಇನ್ನೇನೋ ಒಂದು ಮೆತ್ತಗೆ ಒಳಸರಿಯುತ್ತಿದೆ.

"ಇಟ್ಟು ಹೋಗ್ರಿ," ಎಂದ.

ಬಿಚ್ಚಿ ನೋಡಿದರೆ ಒಳಗಿನ ಏರ್ಪಾಡು ದೊಡ್ಡ ಲಾರಿಯದೇ, ಕೂಸಾಗಿದೆ ಅಷ್ಟೆ. ಡ್ರೈವರನ ತೋಳಿನ ಬದಲು ಒಂದು ಪುಟ್ಟ ಮೋಟಾರು. ಮೋಟಾರಿನ ಕೈಗೂ ರಾಡಿಗೂ ನಡುವೆ ಒಂದು ಸ್ಪ್ರಿಂಗು. ಗಾಲಿ ಕಲ್ಲಿಗೆ ಬಡಿದಾಗ ಹೊಡೆತವನ್ನು ಸ್ಪ್ರಿಂಗು ತಿಂದುಕೊಂಡು ಮೋಟಾರಿನ ಹಲ್ಲು ಉಳಿಸಲಿ ಎಂದು ಹಾಕಿದ್ದು. ಆದರೆ ಇದು ಎಷ್ಟು ಮೆತ್ತಗಿತ್ತೆಂದರೆ ಕಲ್ಲಿನ ಹೊಡೆತವನ್ನಷ್ಟೇ ಅಲ್ಲ, ಮೋಟಾರಿನ ದುಡಿಮೆಯನ್ನೂ ತಾನೇ ತಿನ್ನುತ್ತಿತ್ತು. ಮೋಟಾರು ತಿರುಗುತ್ತದೆ, ಸ್ಪ್ರಿಂಗು ಮಡಚಿಕೊಳ್ಳುತ್ತದೆ, ಆ ಕುಂಬಳಕಾಯಿ ಟಯರುಗಳು ಇದ್ದಲ್ಲೇ ಇರುತ್ತವೆ. ದ್ಯಾಮಪ್ಪ ಗುಜರಿ ಡಬ್ಬಿ ಕೆದಕಿ ಕೆಟ್ಟ ಗ್ಯಾಸ್ ಲೈಟರೊಂದರ ಬಿಗಿ ಸ್ಪ್ರಿಂಗು ತೆಗೆದು, ಅಳತೆಗೆ ಕತ್ತರಿಸಿ ಕೂರಿಸಿದ. ರಾಡಿನ ತುದಿಗಳಿಗೆ ತೆಳು ಹಿತ್ತಾಳೆ ಪಟ್ಟಿ ಸುತ್ತಿದ. ಗಾಲಿಯ ಕೀಲಿಗೆ ಸ್ಟೋವಿನ ವಾಷರು ಉಜ್ಜಿ ಹಾಕಿದ. ಸೊಟ್ಟಗಾಲಿನವರ ಪಾದದ ಹಾಗೆ ಒಳಮುಖವಾಗಿದ್ದ ಗಾಲಿಗಳನ್ನು ಒಂದು ಕೂದಲೆಳೆ ಹೊರಗೆ ತಿರುಗಿಸಿದ. ನಟ್ಟು ಕೂರಿಸಿದ. ಕೂರಿಸಿ ಮತ್ತೆ ಬಿಚ್ಚಿದ. ಮತ್ತೆ ಕೂರಿಸಿದ.

ಆ ಹೊತ್ತಿಗೆ ಗೌರಕ್ಕ ರೊಟ್ಟಿಯ ಬುಟ್ಟಿ ಹೊತ್ತು ಖಾನಾವಳಿಗೆ ಹೋಗುತ್ತ ಅಂಗಡಿ ಮುಂದೆ ಬಂದಳು. ಗಂಡನ ಮಡಿಲಲ್ಲಿ ಲಾರಿ, ಅದರ ಮುಂಗಾಲಿಯ ಮೇಲೆ ಅವನ ಬೆರಳು. ನಿಂತಳು. ಬುತ್ತಿ ಉಂಡಿರೇ ಎಂದು ಕೇಳಲಿಲ್ಲ. ಬುಟ್ಟಿಯನ್ನು ತಲೆಯ ಮೇಲೆ ಸರಿ ಮಾಡಿಕೊಂಡು ಹೋಗಿಬಿಟ್ಟಳು. ಸೈಕಲ್ಲಿನವನಿಗೂ ಅಂದು ಯಾಕೋ ತಮಾಷೆ ಹೊಳೆಯಲಿಲ್ಲ.

ಮಾರನೇ ದಿನ ಸಂಜೆ ಸಂದೇಶ ಬಂದು ನೋಡಿದ. ಅಂಗಡಿಯ ನೆಲದ ಮೇಲೆ ರೇಡಿಯೋ ತಿರುಗಿಸಿದರೆ ಗಾಲಿಗಳು ಹೇಳಿದ ಕ್ಷಣಕ್ಕೆ ಪಟ್ಟನೆ ತಿರುಗಿದವು, ಬಿಟ್ಟರೆ ಪಟ್ಟನೆ ನೆಟ್ಟಗಾದವು. "ಅರೇ, ಎಂಥಾ ಕೈ ಮಾರಾಯ್ರೆ ನಿಮ್ಮದು!" ಎಂದ. ಇಬ್ಬರೂ ಅದನ್ನು ಕೋಲಸಿರ್ಸಿಯ ಕೊಯ್ಲಾದ ಗದ್ದೆಗೆ ಒಯ್ದರು. ಸಮನೆಲದಲ್ಲಿ ಲಾರಿ ಗಿರಗಿಟ್ಟೆಯಂತೆ ಸುತ್ತಿತು. ಗದ್ದೆಯ ಪಕ್ಕದ ದಿಬ್ಬ ಹತ್ತಿಸಿದರು. ಹತ್ತುತ್ತ ಹತ್ತುತ್ತ ಸಂದೇಶ ಎಡಕ್ಕೆ ತಿರುಗಿಸಿದ. ಲಾರಿ ನೆಟ್ಟಗೆ ಹೋಗಿ ದಿಬ್ಬದ ಆಚೆ ಬಿತ್ತು.

"ಥೋ! ಎಂತಕ್ಕೆ ತಿರುಗ್ತಿಲ್ಲೆ ಇದು!" ಸಿಟ್ಟು ಬಂದಾಗ ಸಂದೇಶನಿಗೆ ಮನೆಮಾತೇ ಬರುತ್ತಿತ್ತು.

ದ್ಯಾಮಪ್ಪ ಹೋಗಿ ಎತ್ತಿಕೊಂಡು ಬಂದ. ರಾಡು ನೋಡಿದ, ನಟ್ಟು ನೋಡಿದ. ಎಲ್ಲ ಇದ್ದಲ್ಲೇ ಇತ್ತು. "ಇನ್ನೊಮ್ಮೆ ಹತ್ತಿಸ್ರಿ," ಎಂದು ದಿಬ್ಬದ ಮೇಲೆ ಹೋಗಿ, ಕೂಳೆಯ ಮೇಲೆ ಬೋರಲು ಮಲಗಿ, ಕೆನ್ನೆ ನೆಲಕ್ಕೆ ಹಚ್ಚಿದ.

ಲಾರಿ ಹತ್ತಿ ಬಂತು. ಅವನ ಕಣ್ಣಿನ ಮುಂದೆಯೇ ಮುಂದಿನ ಎರಡೂ ಗಾಲಿ ಪೂರ್ತಿ ಎಡಕ್ಕೆ ತಿರುಗಿದವು. ಗಾಡಿ ನೆಟ್ಟಗೆ ಹೋಯಿತು. ಗಾಲಿಗಳು ನೆಲವನ್ನು ಒತ್ತುತ್ತಿರಲಿಲ್ಲ. ಸವರಿಕೊಂಡು ಜಾರುತ್ತಿದ್ದವು, ನೀರಿನ ಮೇಲೆ ಎಲೆ ಹೋದ ಹಾಗೆ.

ಎದ್ದು ಬಂದು ಲಾರಿಯ ಬಾಲ ನೋಡಿದ. ಹೆಚ್ಚು ಹೊತ್ತು ಓಡಲಿ ಎಂದು ಸಂದೇಶ ದೊಡ್ಡ ಬ್ಯಾಟರಿ ಹಾಕಿದ್ದ. ಅದು ಹೊಟ್ಟೆಯೊಳಗೆ ಹಿಡಿಸದೆ ಹಿಂದುಗಡೆ ಅಂಟುಪಟ್ಟಿಯಲ್ಲಿ ಕಟ್ಟಿದ್ದ. ದ್ಯಾಮಪ್ಪ ಅದನ್ನು ಬಿಚ್ಚಿ, ತನ್ನ ಟವೆಲಿನ ಅಂಚು ಹರಿದು, ಮುಂಭಾಗಕ್ಕೆ ಬಿಗಿದು ಕಟ್ಟಿದ. "ಹತ್ತಿಸ್ರಿ." ಲಾರಿ ಹತ್ತುತ್ತ ಬಂದು, ಎಡಕ್ಕೆ ಎಂದರೆ ಎಡಕ್ಕೆ ತಿರುಗಿತು. ಬ್ಯಾಟರಿ ಮತ್ತೆ ಹಿಂದೆ ಕಟ್ಟಿದ. ನೆಟ್ಟಗೆ ಹೋಗಿ ಬಿತ್ತು. ಮುಂದೆ. ತಿರುಗಿತು. ಹಿಂದೆ. ಬಿತ್ತು.

"ಗೊತ್ತಾಯ್ತಲ್ಲ ದ್ಯಾಮಣ್ಣ, ಸಾಕು. ಮುಂದೆ ಒಂದು ತಟ್ಟೆ ಮಾಡಿ ಕೂರಿಸಿಕೊಡಿ," ಎಂದ ಸಂದೇಶ. ದ್ಯಾಮಪ್ಪ ಬಿಡಲಿಲ್ಲ. ಇನ್ನೊಮ್ಮೆ ಹಿಂದೆ ಕಟ್ಟಿದ. ಲಾರಿ ದಿಬ್ಬದಾಚೆ ಬಿದ್ದಾಗ ಅದನ್ನು ಎತ್ತಲು ಹೋದವನು ಅಲ್ಲೇ ಕುಕ್ಕರಗಾಲಲ್ಲಿ ಕೂತುಬಿಟ್ಟ.

ಸ್ಟೇರಿಂಗ್ ಪೂರ್ತಿ ತಿರುಗಿಸ್ದೆ, ಗಾಡಿ ತಿರುಗಲೇ ಇಲ್ಲ. ಬೊಮ್ಮಯ್ಯ ಹೇಳಿದ್ದು ಇಷ್ಟೇ. ಗಾಲಿ ತಿರುಗಲಿಲ್ಲ ಎಂದು ಅವನು ಹೇಳಿಯೇ ಇರಲಿಲ್ಲ. ಅದನ್ನು ಸೇರಿಸಿಕೊಂಡವನು ದ್ಯಾಮಪ್ಪ, ತನ್ನ ಪಿನ್ನಿನ ಹೆದರಿಕೆಯಲ್ಲಿ.

ಆ ವಾರವೇ ಅವನು ಸಂದೇಶನ ಲಾರಿಗೆ ಮುಂದೆ ತಗಡಿನ ತಟ್ಟೆ ಬಡಿದು ಕೊಟ್ಟು, ಅಂಗಡಿ ಮುಚ್ಚಿ ಗುಳ್ಳಾಪುರಕ್ಕೆ ಹೋದ. ಸಿರ್ಸಿಯಲ್ಲಿ ಬಸ್ಸು ಬದಲಿಸಿ, ಯಲ್ಲಾಪುರದಲ್ಲಿ ಬದಲಿಸಿ, ಅರಬೈಲು ಇಳಿಯುವಾಗ ಕಿಟಕಿಯಿಂದ ಮುಖ ತಿರುಗಿಸಿಕೊಂಡು ಕೂತ. ಬೊಮ್ಮಯ್ಯ ರಸ್ತೆ ಬದಿಯಲ್ಲಿ ಗೂಡಂಗಡಿ ಇಟ್ಟಿದ್ದ. ಕುಂಟು ಕಾಲು ಚಾಚಿ ಕೂತು ಎಲೆಗೆ ಸುಣ್ಣ ಹಚ್ಚುತ್ತಿದ್ದವನು ದ್ಯಾಮಪ್ಪನನ್ನು ಕಂಡು ಸುಣ್ಣದ ಬೆರಳು ಹಾಗೇ ಎತ್ತಿ ಹಿಡಿದ.

"ಬಂದ್ಯಾ," ಎಂದ. ಬರುತ್ತಾನೆಂದು ಎಷ್ಟೋ ಕಾಲದಿಂದ ಕಾದವನ ಹಾಗೆ.

"ಕಂಬ ಹ್ಯಾಂಗ ಹೇರಿದ್ರಿ ಅವತ್ತು?" ದ್ಯಾಮಪ್ಪ ನಿಂತೇ ಕೇಳಿದ.

ಬೊಮ್ಮಯ್ಯ ಎಲೆ ಮಡಚಿ ಕೆಳಗಿಟ್ಟ. "ಬಾಲಕ್ಕೆ. ಅರ್ಧಕ್ಕಿಂತ ಹೆಚ್ಚು ಹೊರಗೇ ಇತ್ತು. ಮುಂದಿನ ಗಾಲಿ ನೆಲಕ್ಕೆ ಕೂರದೆ ಹೂವಾಗಿತ್ತು ದ್ಯಾಮಣ್ಣ. ತಿರುವಿನಲ್ಲಿ ಸ್ಟೇರಿಂಗ್ ಪೂರ್ತಿ ಎಳೆದೆ, ಗಾಡಿ ನೆಟ್ಟಗೇ ಹೋಯ್ತು."

"ಬಾಲಕ್ಕ ಯಾಕ ಹೇರಿದ್ರಿ? ನಿನಗ ಕಣ್ಣಿರಲಿಲ್ಲೇನು?"

"ಇತ್ತು. ಅಂವ ದೊಡ್ಡ ಖೋಲಿ ಬಿಟ್ಕಂಡಿದ್ದ. ಕಂಬ ಹಿಂದೆ ಸರಿಸ್ದ. ಬ್ಯಾಡ ಅಂದೆ. ಇದೊಂದು ಟ್ರಿಪ್ಪು ಬೊಮ್ಮಣ್ಣ ಅಂದ. ನಾನೂ ಹೂಂ ಅಂದೆ."

"ಖೋಲಿಯೊಳಗ ಏನಿತ್ತು?"

ಬೊಮ್ಮಯ್ಯ ರಸ್ತೆಯ ಕಡೆ ನೋಡಿದ. "ತೆಂಗಿನ ಸಸಿ. ಆಳೆತ್ತರದವು. ನಿನ್ನ ಹೆಂಡ್ತಿ ಹೇಳಿದ್ದಂತೆ, ಸಸಿ ತಾ, ಎಲೆ ಮುರೀಬಾರ್ದು ಅಂತ. ನಿಲ್ಲಿಸ್ಕಂಡೇ ತರ್ತೆ ಅಂದು ಒಂದೊಂದನ್ನೂ ಕೂಸಿನ ಹಾಂಗೆ ನಿಲ್ಲಿಸಿದ್ದ."

ಒಂದು ಲಾರಿ ಹಾದುಹೋಯಿತು. ಬೊಮ್ಮಯ್ಯ ಎಲೆಯ ಮೇಲೆ ಬಿದ್ದ ಅದರ ಧೂಳು ಒರೆಸಿದ.

"ಪೊಲೀಸರಿಗೆ ಯಾಕ ಹೇಳ್ಲಿಲ್ಲ ಇದನ್ನ?"

"ಲೋಡಿನ ತಪ್ಪು ಅಂದ್ರೆ ಡ್ರೈವರಂದು. ಹೂಂ ಅಂದವ ನಾನಲ್ವಾ? ಜೈಲು. ಸ್ಟೇರಿಂಗ್ ಅಂದ್ರೆ ಯಾರದ್ದೂ ಅಲ್ಲ, ಕಬ್ಬಿಣದ್ದು. ಮನೇಲಿ ಸಣ್ಣ ಸಣ್ಣ ಮಕ್ಕಳು. ಕಾಲು ಬೇರೆ ಹೋಗಿತ್ತು." ಬೊಮ್ಮಯ್ಯ ಗೂಡಂಗಡಿಯ ಕಂಬ ಹಿಡಿದು ಎದ್ದು ನಿಂತ. "ತಪ್ಪನ್ನ ಕಬ್ಬಿಣಕ್ಕೆ ಹಾಕ್ದೆ ಅಂತ ಮಾಡಿದ್ದೆ. ನಿನ್ನ ತಲೆಗೆ ಬೀಳ್ತದೆ ಹೇಳಿ ಆಮೇಲೆ ಗೊತ್ತಾಯ್ತು. ಈಗ ಬರ್ತೆ ನಡಿ. ಗೌರಕ್ಕನ ಕಾಲು ಹಿಡಿದು ಎಲ್ಲ ಹೇಳ್ತೆ."

"ನೀ ಬರಬ್ಯಾಡ," ಎಂದ ದ್ಯಾಮಪ್ಪ. "ನಾ ಹೇಳ್ತೀನಿ. ನೀ ಬಾಯಿ ಬಿಟ್ಟಿ ಅಂದ್ರ ನಿನ್ನ ಇನ್ನೊಂದು ಕಾಲೂ ಮುರೀತೀನಿ."

ತಿರುಗಿ ಬರುವಾಗ ದಾರಿಯುದ್ದಕ್ಕೂ ಅವನಿಗೆ ಮೈ ಹಗುರಾಗಿತ್ತು. ಸತ್ತವನ ನೆನಪು ತೆಗೆದು ಹಗುರಾಯಿತು ಎಂದರೆ ಪಾಪ, ಆದರೆ ಆದದ್ದೇ ಹಾಗೆ. ಪಿನ್ನು ಹಾಕಿದ್ದೆ. ಹಾಕಿಯೇ ಇರುತ್ತೇನೆ. ಸಿರ್ಸಿಯ ಬಸ್ ಸ್ಟ್ಯಾಂಡಿನಲ್ಲಿ ಇಳಿದು ಎರಡು ತಟ್ಟೆ ಮಿರ್ಚಿ ಭಜಿ ತಿಂದ. ಎಷ್ಟೋ ವರ್ಷಗಳ ಹಸಿವು ಒಟ್ಟಿಗೆ ಬಂದಿತ್ತು. ಸಿದ್ದಾಪುರದ ಬಸ್ಸು ಹತ್ತಿ ಕೂತು, ಗೌರಕ್ಕನಿಗೆ ಹೇಳಬೇಕಾದ ಮಾತನ್ನು ಮನಸ್ಸಿನಲ್ಲೇ ಜೋಡಿಸಿದ. ಸ್ಟೇರಿಂಗ್ ಸರಿ ಇತ್ತು, ಲೋಡು ಬಾಲಕ್ಕೆ ಬಿದ್ದಿತ್ತು. ಬಾಲಕ್ಕೆ ಯಾಕೆ ಬಿತ್ತು ಎಂದು ಅವಳು ಕೇಳುತ್ತಾಳೆ. ಕೇಳದೆ ಬಿಡುವವಳಲ್ಲ. ಖೋಲಿ ಬಿಟ್ಟಿದ್ದ. ಯಾತಕ್ಕೆ ಬಿಟ್ಟಿದ್ದ?

ಅಲ್ಲಿಗೆ ಮಾತು ನಿಂತಿತು. ಮತ್ತೆ ಮೊದಲಿನಿಂದ ಜೋಡಿಸಿದ. ಬ್ರೇಕು ಹಿಡಿಯಲಿಲ್ಲ ಎನ್ನಲೇ? ಬೊಮ್ಮಯ್ಯ ಕುಡಿದಿದ್ದ ಎನ್ನಲೇ? ಅವಳು ನಂಬುವುದಿಲ್ಲ, ಹೋಗಿ ಬೊಮ್ಮಯ್ಯನನ್ನೇ ಹಿಡಿಯುತ್ತಾಳೆ. ಎತ್ತಲಿಂದ ಹೊರಟರೂ ಮಾತು ಹೋಗಿ ಆ ಸಸಿಗಳ ಹತ್ತಿರವೇ ನಿಲ್ಲುತ್ತಿತ್ತು. ಅವನನ್ನು ಕಂಕುಳಲ್ಲಿ ಎತ್ತಿಕೊಂಡು ಬಂದವಳು ಅವಳು. ಎಲೆ ಮುರೀಬಾರದು ಎಂದವಳೂ ಅವಳೇ. ತಾಳಗುಪ್ಪದ ಕಡೆ ಹೋಗುವ ಯಾರೋ ಪಕ್ಕದಲ್ಲಿ ಕೂತು ಅಡಿಕೆಯ ದರ ಹೇಳುತ್ತಿದ್ದರು. ದ್ಯಾಮಪ್ಪ ಹೂಂ ಹೂಂ ಎನ್ನುತ್ತ ತನ್ನ ಎರಡು ಕೈಗಳನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದ.

ಮನೆ ಮುಟ್ಟಿದಾಗ ಇನ್ನೂ ದೀಪ ಹಚ್ಚುವ ಹೊತ್ತು. ಗೌರಕ್ಕ ಒಲೆ ಮುಂದೆ ಕೂತು ರೊಟ್ಟಿ ಬಡಿಯುತ್ತಿದ್ದಳು. ಕೈ ನಿಲ್ಲಿಸದೆ ಕೇಳಿದಳು: "ಎಲ್ಲಿಗೆ ಹೋಗಿದ್ರಿ? ಅಂಗಡಿ ಮುಚ್ಚಿತ್ತು."

"ಗುಳ್ಳಾಪುರಕ್ಕ."

ರೊಟ್ಟಿ ಬಡಿಯುವ ಸಪ್ಪಳ ನಿಂತಿತು. ತವೆಯ ಮೇಲಿದ್ದದ್ದು ಕರಕಾಗುವ ವಾಸನೆ ಬಂದರೂ ಅವಳು ತಿರುವಲಿಲ್ಲ. "ಆ ಆಟಿಗಿ ಲಾರಿ ನಿಮ್ಮ ಮಡಲಾಗ ಕಂಡಾಗಿಂದ ಅನ್ಕೊಂಡಿದ್ದೆ, ನೀವು ಹೋಗ್ತೀರಿ ಅಂತ," ಎಂದಳು. ಆಮೇಲೆ, ಎಂಟು ವರ್ಷ ಬಾಯಲ್ಲೇ ಇಟ್ಟುಕೊಂಡದ್ದನ್ನು, ಮುಖ ಎತ್ತಿ ಕೇಳಿದಳು: "ನಿಮ್ಮ ಕೈಯಿಂದನ ಆತೇನು?"

ದ್ಯಾಮಪ್ಪ ಗೋಡೆಗೆ ಒರಗಿ ಕೂತ. "ಹೌದು."

"ಏನ್ ಮಾಡಿದ್ರಿ?"

"ಪಿನ್ನ ಹಾಕಿರಲಿಲ್ಲ. ಮರ್ತಿದ್ದೆ."

"ಖರೇನಾ?"

"ಖರೆ. ಬೊಮ್ಮಯ್ಯ ಬಿದ್ದ ಲಾರಿಯೊಳಗ ನೋಡ್ಯಾನ. ನಟ್ಟು ಇರಲಿಲ್ಲಂತ."

ಗೌರಕ್ಕ ಕರಕಾದ ರೊಟ್ಟಿಯನ್ನು ಬರಿಗೈಯಲ್ಲಿ ತೆಗೆದು ಪಕ್ಕಕ್ಕೆಸೆದಳು. ಅಳುತ್ತಾಳೆಂದು ಅವನು ಕಾದ. ಅವಳು ಅಳಲಿಲ್ಲ. ಹಿಟ್ಟಿನ ಕೈಯನ್ನು ಸೀರೆಗೆ ಒರೆಸಿಕೊಂಡು, ಬಹಳ ದಣಿದವಳ ಹಾಗೆ ಹೇಳಿದಳು: "ಅಲ್ಲ ಅಂತ ಒಂದ್ ಸುಳ್ಳ ಹೇಳಬಹುದಿತ್ತಲ್ಲ ನೀವು. ಇಷ್ಟ್ ವರ್ಷಕ್ಕ ನಾ ನಂಬತಿದ್ದೆ."

ದ್ಯಾಮಪ್ಪ ಎಸೆದ ರೊಟ್ಟಿಯನ್ನು ಎತ್ತಿಕೊಂಡು ಕರಕು ಕೆರೆಯತೊಡಗಿದ.

ಆ ಮೇಲೆ ಅವಳು ಬೈಯತೊಡಗಿದಳು. ಎದುರಿಗೇ ಬೈದಳು, ನೆರೆಯವರ ಮುಂದೆ ಬೈದಳು. ತಮ್ಮನನ್ನು ತಿಂದ ಕೈ, ಹಾಳು ಕೈ ಎಂದು. ಸಿದ್ದಾಪುರದಲ್ಲಿ ಗೊತ್ತಿಲ್ಲದಿದ್ದವರಿಗೂ ಗೊತ್ತಾಯಿತು. ಸೈಕಲ್ಲಿನವನು ತಮಾಷೆ ಬಿಟ್ಟ, ಮಾತೂ ಬಿಟ್ಟ. ಮೌನಕ್ಕಿಂತ ಬೈಗುಳ ಹಗುರ ಎನ್ನುವವರಿದ್ದಾರೆ. ಅವರು ದಿನಾ ಬೈಸಿಕೊಂಡು ನೋಡಬೇಕು. ದ್ಯಾಮಪ್ಪನಿಗೆ ಹಗುರ ಏನೂ ಆಗಲಿಲ್ಲ. ಆದರೆ ಗೌರಕ್ಕ ಬೈದು ಮುಗಿಸಿ ಎರಡು ರೊಟ್ಟಿ ಹೆಚ್ಚು ತಿನ್ನುತ್ತಿದ್ದಳು, ಮಲಗಿದರೆ ನಿದ್ದೆ ಬರುತ್ತಿತ್ತು. ಅದನ್ನು ಅವನು ನೋಡುತ್ತಿದ್ದ. ಆಗಾಗ ಯಲ್ಲಾಪುರದ ಬಸ್ಸು ಹತ್ತಿ ಹೋಗಿ, ಘಟ್ಟ ಇಳಿದು ಅದರ ಬುಡದಲ್ಲಿ ನಿಂತು, ಕಂಬದ ಲಾರಿ ಕಂಡರೆ ಕ್ಲೀನರುಗಳಿಗೆ ಕೂಗುತ್ತಿದ್ದ: "ಬಾಲ ಕಡಿಮಿ ಮಾಡ್ರೋ! ಮುಂದಕ ತುಂಬ್ರೋ!" ಮುಂದೆ ಅದಿರಿನ ಲಾರಿಗಳ ಕಾಲ ಬಂದು, ಜನ ರಸ್ತೆಯಲ್ಲಿ ಅಡ್ಡ ಕೂತು ಘೋಷಣೆ ಹಾಕುವಾಗಲೂ ಅವನು ಅಂಚಿನಲ್ಲಿ ನಿಂತು ಇದನ್ನೇ ಕೂಗಿದ. ಯಾವ ಪಕ್ಷದವನೋ ಎಂದು ಪೊಲೀಸರು ಒಮ್ಮೆ ಕೂರಿಸಿ ಕೇಳಿ ಕಳಿಸಿದರು.

ಎರಡು ಸಾವಿರದ ಒಂಬತ್ತರಲ್ಲಿ ಅಂಗಡಿಯಲ್ಲಿ ಕೂತಲ್ಲೇ ಎದೆ ಹಿಡಿದುಕೊಂಡು ಸತ್ತ. ಹೆಣವನ್ನು ಬನವಾಸಿ ಕಡೆಯ ಊರಿಗೆ ಒಯ್ದು, ಅಣ್ಣಂದಿರ ಹೊಲದ ಮೂಲೆಯಲ್ಲಿ ಕೂರಿಸಿ ಮಣ್ಣು ಕೊಟ್ಟರು. ಸಂದೇಶ ಬಂದಿದ್ದ. ಗುಳ್ಳಾಪುರದಿಂದ ಬೊಮ್ಮಯ್ಯನೂ ಕುಂಟುತ್ತ ಬಂದಿದ್ದ. ಮಾತಾಡಿಸಲು ಬಂದವರಿಗೆ ಗೌರಕ್ಕ ಒಂದೇ ಮಾತು ಹೇಳುತ್ತಿದ್ದಳು.

"ಮನಶ್ಯಾ ಭಾಳ ಛಲೋ ಇದ್ದ. ಒಂದ್ ದಿನ ಕೈ ಎತ್ತಲಿಲ್ಲ, ಎದುರು ಮಾತಾಡ್ಲಿಲ್ಲ. ಆದ್ರ ಆ ಕೈ ಒಂದು ನಂಬೂಹಂಗ ಇರಲಿಲ್ಲ."

ಬೊಮ್ಮಯ್ಯ ಬಾಯಿ ತೆರೆದ. ಗೌರಕ್ಕ ಅವನ ಕಡೆ ತಿರುಗಿ, "ಏನಪಾ?" ಎಂದಳು.

"ಏನಿಲ್ಲೆ ಅಕ್ಕಾ," ಎಂದು ಅವನು ಒಂದು ಹಿಡಿ ಮಣ್ಣು ಹಾಕಿ, ಬಸ್ಸು ತಪ್ಪುತ್ತದೆ ಎಂದು ಹೊರಟ.